ಸಹಾಯ ಬೇಕಿದ್ದರೆ ಎರಡು ಒತ್ತಿ

ನಮ್ಮ ಆಫೀಸಿಗೆ ಆ ಮಿಷಿನ್ನು ಬಂದಾಗಿನಿಂದ ಒಂದಲ್ಲ ಒಂದು ಆಗ್ತಾನೇ ಇದೆ. ಹೇಳಿದ್ರೆ ಯಾರೂ ನಂಬಲ್ಲ. ಗೇಟಲ್ಲಿ ನಿಂತು ಕಣ್ಣಾರೆ ನೋಡದೆ ಇದ್ದಿದ್ರೆ ನಾನೂ ನಂಬ್ತಿರಲಿಲ್ಲ.

ನಾನು ಸೆಕ್ಯೂರಿಟಿ. ಹಲಸೂರು ದಾಟಿ ಹಳೇ ಮದ್ರಾಸ್ ರಸ್ತೆಯಲ್ಲಿ ಹೋದ್ರೆ ಒಂದು ಗಾಜಿನ ಕಟ್ಟಡ ಸಿಗುತ್ತೆ. ಅದರ ಗೇಟು ನನ್ನದು. ಓದಿದ್ದು ನಾಲ್ಕನೇ ಕ್ಲಾಸು. ನಿಧಾನಕ್ಕೆ ಬರೀತೀನಿ.

ಮಿಷಿನ್ನಿನ ಕೆಲಸ ಇಷ್ಟು. ಬೆಂಕಿ ಬಿತ್ತು, ನೀರು ನುಗ್ಗಿತು, ಏನೋ ಒಂದು ಆಯ್ತು ಅಂದ್ರೆ ಗುಂಡಿ ಒತ್ತೋದು. ಇರೋ ಬರೋ ಅಷ್ಟೂ ಜನದ ಫೋನು ಒಂದೇ ಸಲ ಬಡ್ಕೊಳ್ತವೆ. ಮಹಡಿ ಮಹಡಿಯಲ್ಲೂ ಸ್ಪೀಕರ್ ಮಾತಾಡುತ್ತೆ. ಹೆಂಗಸಿನ ದನಿ. ಮೆತ್ತಗೆ, ಆದರೆ ಎದುರು ಮಾತಾಡೋ ಹಾಗಿಲ್ಲ. ನಮ್ಮೂರಲ್ಲಿ ತೋಟಿ ತಮಟೆ ಬಡ್ಕೊಂಡು ಊರು ಸುತ್ತಿ ಮುಗಿಸೋ ಹೊತ್ತಿಗೆ ವಿಷಯ ಹಳಸಿರ್ತಿತ್ತು. ಇಲ್ಲಿ ಒಂದು ಬೆರಳು ಸಾಕು. ಮೊದಲ ದಿನ ನೋಡಿ ಕೈ ಮುಗಿದುಬಿಟ್ಟೆ.

ಅದಕ್ಕೆ ಕಾರಣ ಇತ್ತು. ನನ್ನ ಮನೆಯವಳು ಹೋದ ದಿನ ನೆಂಟರಿಗೆಲ್ಲ ಒಬ್ಬೊಬ್ಬರಾಗಿ ಫೋನ್ ಮಾಡಿ ಹೇಳಿದ್ದೆ. ಹೇಳಿದಷ್ಟು ಸಲವೂ ಅವಳು ಮತ್ತೆ ಹೋದಳು.

ಕೆ.ಆರ್. ಪುರದಲ್ಲಿ ಎರಡು ರೂಮಿನ ಮನೆ. ಈಗ ನಾನೊಬ್ಬನೇ. ಮಲಗಿಬಿಟ್ರೆ ರಾತ್ರಿ ಹೆಂಗೋ ಕಳೆಯುತ್ತೆ. ಹಗಲು ಕಳೆಯಲ್ಲ. ಹಗಲು ಆ ಮನೆಯಲ್ಲಿ ಕೂರಬಾರದು ಅಂತಲೇ ನನಗೆ ಈ ಕೆಲಸ ಬೇಕು.

ಮಿಷಿನ್ನು ನೋಡಿಕೊಳ್ಳೋರು ನಮ್ಮ ಸೇಫ್ಟಿ ಮೇಡಂ. ಚಿಕ್ಕ ವಯಸ್ಸು, ಬೆನ್ಸನ್ ಟೌನಿಂದ ಸ್ಕೂಟರಲ್ಲಿ ಬರ್ತಾರೆ. ನಡೆಯಲ್ಲ, ಓಡ್ತಾರೆ. ಮೊದಲ ದಿನವೇ ನನ್ನ ಕರೆದು ಹೇಳಿದ್ರು.

"ಯಜಮಾನ್ರೇ, ಈ ಸಿಸ್ಟಮ್ ಪೂರ್ತಿ ನನ್ನ ತಲೆ ಮೇಲಿದೆ. ನಿಮ್ಮ ಕಡೆಯಿಂದ ಎಡವಟ್ಟು ಆದ್ರೆ ಮನೇಲಿ ಕೂರಿಸ್ತೀನಿ, ನೋಡಿ."

ಅವರು ಮಾತಿಗೆ ಅಂದ್ರು. ನನಗೆ ಆ ಮನೆಯ ಹಗಲೇ ಕಣ್ಣಿಗೆ ಬಂತು.

ಅಂಗಡಿ ಅಣ್ಣನ ನಂಬರು

ಸೆಕ್ಯೂರಿಟಿ ಹುಡುಗರ ಫೋನ್ ನಂಬರು ಕೂಡಿಸಿ ಕೊಡೋದು ನನ್ನ ಪಾಲಿಗೆ ಬಂತು. ಹುಡುಗರೆಲ್ಲ ಯಾದಗಿರಿ, ರಾಯಚೂರು ಕಡೆಯೋರು. ಲಿಂಗರಾಜಪುರದಲ್ಲಿ ಒಂದೇ ವಠಾರದಲ್ಲಿ ರೂಮು ಮಾಡ್ಕೊಂಡಿದ್ದಾರೆ. ಕೆಲವರು ಹೆಂಡತಿ ಮಕ್ಕಳನ್ನೂ ಕರ್ಕೊಂಡು ಬಂದಿದ್ದಾರೆ.

"ಯಾವ ನಂಬರಿಗೆ ಮಾಡಿದ್ರೆ ನೀವು ಖಂಡಿತ ಸಿಗ್ತೀರಪ್ಪಾ?" ಅಂತ ಕೇಳಿದೆ.

ಒಬ್ಬ ಯೋಚನೆ ಮಾಡಿ ಒಂದು ನಂಬರ್ ಹೇಳಿದ. ಎರಡನೆಯವನೂ ಅದನ್ನೇ ಹೇಳಿದ. ಮೂರನೆಯವನೂ ಅದೇ.

"ಇದು ಯಾರದ್ದೋ?"

"ನಮ್ಮ ರೂಮಿನ ಕೆಳಗ ಕಿರಾಣಿ ಅಂಗಡಿ ಅದ ಅಲ್ರೀ, ಆ ಅಣ್ಣಂದು. ನಮ್ಮ ಸಿಮ್ ಇವತ್ತು ಒಂದಿರ್ತದ, ನಾಳಿ ಇನ್ನೊಂದಿರ್ತದ. ಅಣ್ಣನ ನಂಬರು ಎಲ್ಲಿಗಿ ಹೋಗ್ತದ್ರೀ? ಊರಿಂದ ಸುದ್ದಿ ಬಂದ್ರೂ ಅಲ್ಲೇ ಬರ್ತದ."

ಸರಿ ಅನ್ನಿಸ್ತು. ಹಾಗೇ ಕೊಟ್ಟೆ.

ಮೊದಲ ಡ್ರಿಲ್ ಬಂತು. ಡ್ರಿಲ್ ಅಂದ್ರೆ ಸುಳ್ಳು ಬೆಂಕಿ. ಮೇಡಂ ಗುಂಡಿ ಒತ್ತಿದ್ರು. ಲಿಂಗರಾಜಪುರದಲ್ಲಿ ಅಂಗಡಿ ಅಣ್ಣ ಬೆಲ್ಲ ತೂಗ್ತಿದ್ದನಂತೆ. ಫೋನ್ ಬಂತು. ಕಟ್ಟಡದಲ್ಲಿ ಬೆಂಕಿ, ಮೆಟ್ಟಿಲಿಂದ ಇಳಿದು ಮೈದಾನಕ್ಕೆ ಬನ್ನಿ. ಇಟ್ಟ. ಮತ್ತೆ ಬಂತು. ಇಟ್ಟ. ಮತ್ತೆ ಬಂತು. ಎಷ್ಟು ಹುಡುಗರೋ ಅಷ್ಟು ಸಲ ಬಂತು. ಇಷ್ಟು ಸಲ ಬಡ್ಕೊಳ್ತಿದೆ ಅಂದ್ರೆ ಬೆಂಕಿ ಸಣ್ಣದಲ್ಲ ಅಂತ ಅವನು ತಕ್ಕಡಿ ಬಿಟ್ಟು ಎದ್ದ. ವಠಾರದ ಬಾಗಿಲು ಬಾಗಿಲು ತಟ್ಟಿದ.

ಇಲ್ಲಿ ಡ್ರಿಲ್ ಮುಗಿದು ಜನ ಒಳಗೆ ಹೋಗ್ತಿದ್ರು. ಆಟೋಗಳು ಬಂದು ನಿಂತವು, ಒಂದರ ಹಿಂದೆ ಒಂದು. ಹೆಂಗಸರು ಇಳಿದ್ರು, ಕೈಯಲ್ಲಿ ಕೊಡ. ಡ್ಯೂಟಿ ಇಲ್ಲದ ಹುಡುಗರು ಲುಂಗಿಯಲ್ಲೇ ಇಳಿದ್ರು, ಕೈಯಲ್ಲಿ ಬಕೆಟ್ಟು. ಒಬ್ಬ ಅಜ್ಜಿ ಚೊಂಬು ತಂದಿತ್ತು. ಕೊಡಗಳಲ್ಲಿ ನೀರು ಅರ್ಧ ಉಳಿದಿತ್ತು, ಅರ್ಧ ಆಟೋದಲ್ಲಿ ಚೆಲ್ಲಿತ್ತು.

ನಾನು ಬೆರಗಾಗಿ ನಿಂತೆ. ಕಟ್ಟಡದ ಒಳಗಿದ್ದವರು ಮೆಟ್ಟಿಲು ಇಳಿಯೋಕೆ ಗೊಣಗ್ತಿದ್ರು. ಇವರು ಅಷ್ಟು ದೂರದಿಂದ ನೀರು ಹೊತ್ಕೊಂಡು ಬಂದಿದ್ರು.

ಮೇಡಂ ಓಡಿ ಬಂದ್ರು. "ಯಾರಿವರು?"

"ಮಿಷಿನ್ನು ಕರೆದೋರು ಮೇಡಂ," ಅಂದೆ.

"ಇದು ಡ್ರಿಲ್ ಅಪ್ಪಾ, ನಿಜವಾದ ಬೆಂಕಿ ಅಲ್ಲ," ಅಂತ ಅವರು ಎಲ್ಲರಿಗಿಂತ ಮುಂದೆ ನಿಂತಿದ್ದ ಅಂಗಡಿ ಅಣ್ಣನಿಗೆ ತಿಳಿಸಿ ಹೇಳಿದ್ರು. ಅವನಿಗೆ ಸಿಟ್ಟು ಬಂತು.

"ಏನ್ ಮೇಡಂ, ಅಷ್ಟು ಸಲ ಫೋನ್ ಮಾಡ್ಸಿದ್ದೀರಾ. ಒಂಚೂರಾದ್ರೂ ಹಚ್ಚಬಾರದಾ?"

ಆಯಮ್ಮ

ಎರಡನೇದು ಸ್ಪೀಕರಿನದು. ಹೊರಗೆ ಗೋಡೆ ಮೇಲೆ ಒಂದು ದೊಡ್ಡ ಸ್ಪೀಕರ್ ಇದೆ. ಮೈದಾನದಲ್ಲಿ ನಿಂತೋರಿಗೆ ಸರಿಯಾಗಿ ಕೇಳಲ್ಲ ಅಂತ ದೂರು ಬಂತು.

"ಯಜಮಾನ್ರೇ, ಅದನ್ನ ಸ್ವಲ್ಪ ತಿರುಗಿಸಿ," ಅಂದ್ರು ಮೇಡಂ.

ಏಣಿ ಹಾಕಿ ತಿರುಗಿಸಿದೆ. ಯಾವ ಕಡೆಗೆ ಅಂತ ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಅದು ರಸ್ತೆ ಕಡೆ ತಿರುಗಿ ಕೂತಿತು.

ಮರುದಿನ ಬೆಳಗ್ಗೆ ಸ್ಪೀಕರ್ ಪರೀಕ್ಷೆ. ಆ ಹೊತ್ತಲ್ಲಿ ಹಳೇ ಮದ್ರಾಸ್ ರಸ್ತೆ ಹೇಗಿರುತ್ತೆ ಅಂತ ನಾನು ಹೇಳಬೇಕಾಗಿಲ್ಲ. ಗೇಟಿನ ಎದುರಿಗೇ ಒಂದು ಬಸ್ಸು ಸಿಕ್ಕಿಹಾಕ್ಕೊಂಡಿತ್ತು. ಬಾಗಿಲಲ್ಲೂ ಜನ ನೇತಾಡ್ತಿದ್ರು.

ಸ್ಪೀಕರ್ ಶುರುವಾಯ್ತು. "ದಯವಿಟ್ಟು ಗಮನಿಸಿ. ಎಲ್ಲರೂ ಈಗಲೇ ಕೆಳಗೆ ಇಳಿಯಿರಿ. ಗಾಬರಿ ಬೇಡ. ತಳ್ಳಬೇಡಿ. ಸಾಲಾಗಿ ಬನ್ನಿ."

ಬಸ್ಸಿನವರು ಒಬ್ಬರ ಮುಖ ಒಬ್ಬರು ನೋಡ್ಕೊಂಡ್ರು. ಆಮೇಲೆ ಇಳಿದ್ರು. ತಳ್ಳಲಿಲ್ಲ. ಸಾಲಾಗಿ ಬಂದ್ರು. ಮುಂದಿನ ಬಾಗಿಲಿಂದ ಹೆಂಗಸರು, ಹಿಂದಿನ ಬಾಗಿಲಿಂದ ಗಂಡಸರು. ಒಬ್ಬ ಮುದುಕನಿಗೆ ಕಾಲೇಜು ಹುಡುಗರು ಕೈ ಕೊಟ್ಟು ಇಳಿಸಿದ್ರು. ಕೊನೆಗೆ ಡ್ರೈವರ್ರೂ ಇಳಿದ. ಗಾಡಿ ಆಫ್ ಮಾಡೋದು ಮರೆಯಲಿಲ್ಲ.

ಇಷ್ಟು ವರ್ಷ ಇದೇ ಊರಲ್ಲಿದ್ದೀನಿ. ಬಸ್ಸಿಂದ ಜನ ಹಾಗೆ ಇಳಿದಿದ್ದನ್ನ ಯಾವತ್ತೂ ನೋಡಿಲ್ಲ.

ಇಳಿದೋರು ಬಂದು ನಮ್ಮ ಗೇಟಿನ ಮುಂದೆ ಸಾಲು ನಿಂತ್ರು. "ಏನ್ ಸಾರ್, ಬಾಂಬಾ?" ಅಂತ ಒಬ್ಬ ನನ್ನನ್ನೇ ಕೇಳಿದ. ಅಷ್ಟರಲ್ಲಿ ಕಂಡಕ್ಟರು ಅವರನ್ನೆಲ್ಲ ಸರಿಸಿಕೊಂಡು ಬಂದ. ಕೆಲಸ ಹೋಯ್ತು ಅಂದ್ಕೊಂಡೆ.

"ಯಾರ್ರೀ ಅದು ಮೈಕಲ್ಲಿ ಇಳೀರಿ ಅಂದಿದ್ದು?"

"ತಪ್ಪಾಯ್ತು ಸ್ವಾಮಿ. ಮಿಷಿನ್ನು ಅದು. ನಮ್ಮ ಆಫೀಸಿನೋರಿಗೆ ಹೇಳಿದ್ದು."

"ತಪ್ಪಲ್ಲ ಗುರು," ಅಂದ ಅವನು. "ಸರ್ವಿಸ್ ಪೂರ್ತಿ ನಾನು ಒಳಗ್ ಹೋಗ್ರೀ, ಒಳಗ್ ಹೋಗ್ರೀ ಅಂತ ಗಂಟಲು ಹರ್ಕೊಂಡಿದ್ದೀನಿ. ಒಬ್ರೂ ಕೇಳಿಲ್ಲ. ಆಯಮ್ಮನ್ನ ಒಂದು ಟ್ರಿಪ್ಪಿಗೆ ಕಳಿಸಿಕೊಡ್ತೀರಾ?"

ಬೆಂಕಿಗೆ ಮುಂಚೆ ಟೀ

ಡ್ರಿಲ್ ಯಾವತ್ತು ಅಂತ ಯಾರಿಗೂ ಗೊತ್ತಾಗಬಾರದು. ಅದು ಕಾನೂನು. ಆದರೆ ಗಂಟೆ ಹೊಡೆದು ನಾವು ಮೈದಾನಕ್ಕೆ ಹೋಗೋ ಹೊತ್ತಿಗೆ ಟೀ ಭಾಯ್ ಅಲ್ಲಿ ನಿಂತಿರ್ತಿದ್ದ. ಶಿವಾಜಿನಗರದ ಮನುಷ್ಯ. ಸೈಕಲ್ಲು, ಸ್ಟೀಲ್ ಕ್ಯಾನು, ಜೋಡಿಸಿಟ್ಟ ಲೋಟ. ಮೊದಲ ಸಲ ಯಾರಿಗೂ ಅನುಮಾನ ಬರಲಿಲ್ಲ. ಎರಡನೇ ಸಲವೂ ನಿಂತಿದ್ದ. ಮೂರನೇ ಸಲ ಮೇಡಂ ನನ್ನ ಕಡೆ ತಿರುಗಿದ್ರು.

"ಯಜಮಾನ್ರೇ, ದಿನಾ ಅವನ ಹತ್ರ ಟೀ ಕುಡಿಯೋರು ನೀವು. ನೀವೇ ಹೇಳಿದ್ರಾ?"

"ನನಗೇ ಗೊತ್ತಿರಲ್ಲ ಮೇಡಂ."

"ಹಾಗಾದ್ರೆ ಅವನಿಗೇನು ಕನಸು ಬೀಳುತ್ತಾ?"

ಟೀ ಭಾಯ್ ಲೋಟ ತೊಳೀತಾ ಇದನ್ನೆಲ್ಲ ಕೇಳಿಸ್ಕೊಂಡ.

"ಕ್ಯಾ ಮೇಡಂ, ಪಾಪ ಅಣ್ಣಂಗೆ ಯಾಕೆ ಬೈತೀರಾ? ನಿಮ್ದೇ ಮೆಸೇಜ್ ಬರ್ತೈತೆ ನನಗೆ. ಎಲ್ಲರಿಗಿಂತ ಪೈಲೇ ಬರ್ತೈತೆ."

ಫೋನ್ ತೋರಿಸಿದ. ನಿಜ. ಡ್ರಿಲ್ ಶುರುವಾಗೋ ಮುಂಚೆ ಆಂಬುಲೆನ್ಸಿನೋರು, ಡಾಕ್ಟರು, ಇಂಥ ಮುಖ್ಯವಾದ ನಾಲ್ಕು ಜನಕ್ಕೆ ಮಿಷಿನ್ನು ಗುಟ್ಟಾಗಿ ತಿಳಿಸುತ್ತೆ. ಅವರ ಜೊತೆ ಟೀ ಭಾಯ್ ಹೆಸರೂ ಸೇರಿತ್ತು. ಸೇರಿಸಿದ್ದು ಮೇಲಿನ ಮಹಡಿಯ ದೊಡ್ಡ ಸಾಹೇಬರು. ಒಂದು ಸಲ ಬಿಸಿಲಲ್ಲಿ ನಿಂತು ಅವರಿಗೆ ತಲೆನೋವು ಬಂದಿತ್ತಂತೆ.

ಸಾಹೇಬರಿಗೆ ಮೇಡಂ ಏನು ಹೇಳ್ತಾರೆ? ಸುಮ್ಮನೆ ಒಂದು ಲೋಟ ಟೀ ತಗೊಂಡ್ರು.

ಭಾಯ್ ಧೈರ್ಯ ಮಾಡಿ ಹತ್ತಿರ ಬಂದ. "ಮೇಡಂ, ಒಂದು ಮಾತು. ನಿಮ್ದು ಬೆಂಕಿ ಶುಕ್ರವಾರ ಮಧ್ಯಾಹ್ನ ಇಡಬೇಡಿ. ನನ್ಗೆ ನಮಾಜ್ ಇರ್ತೈತೆ."

ಎರಡು

ಇದು ನಂದೇ ಕಥೆ.

ಜೋರು ಮಳೆಗಾಲ. ಒಂದು ಭಾನುವಾರ, ನನಗೆ ರಜೆ. ರಜೆ ಅಂದ್ರೆ ಹಗಲು ಮನೆಯಲ್ಲಿ. ಹಿಂದಿನ ದಿನವೆಲ್ಲ ಸುರಿದಿತ್ತು, ಊರಲ್ಲಿ ಅಲ್ಲಲ್ಲಿ ನೀರು ನಿಂತಿತ್ತು. ನಮ್ಮ ಗಲ್ಲಿ ಎತ್ತರದಲ್ಲಿದೆ. ಅಲ್ಲಿ ಹನಿ ನೀರು ನಿಲ್ಲಲ್ಲ.

ಹೋಟೆಲ್ ಊಟ ತಿಂದು ತಿಂದು ಬಾಯಿ ಕೆಟ್ಟಿತ್ತು. ಬಸ್ಸಾರು ಮಾಡೋಣ ಅಂತ ಮನಸ್ಸಾಯ್ತು. ಅವಳು ವಾರಕ್ಕೆ ಎರಡು ಸಲ ಮಾಡ್ತಿದ್ದಳು. ನಾನು ತಿಂದಿದ್ದೀನಿ, ಮಾಡೋದು ನೋಡಿಲ್ಲ. ಬಸಿಯೋ ಸದ್ದು ಮಾತ್ರ ಹೊರಗೆ ಕೂತು ಕೇಳಿದ್ದೀನಿ. ಸೊಪ್ಪು ತಂದೆ, ಕಾಳು ತಂದೆ. ಬೇಯಿಸಿದೆ. ಚೆನ್ನಾಗಿ ಬೆಂದಿತು. ತಟ್ಟೆ ಮುಚ್ಚಿ, ಬಟ್ಟೆ ಹಿಡಿದು, ನೀರನ್ನೆಲ್ಲ ಬಸಿದೆ. ಬಚ್ಚಲಿಗೆ ಬಸಿದೆ.

ಪಾತ್ರೆ ಒಲೆ ಮೇಲಿಟ್ಟು ನೋಡ್ತೀನಿ, ಸೊಪ್ಪಿದೆ, ಕಾಳಿದೆ. ಸಾರು ಎಲ್ಲಿಂದ ಬರಬೇಕು?

ಆಗ ಗೊತ್ತಾಯ್ತು. ಸಾರು ಆಗಬೇಕಾದ್ದು ಆ ನೀರೇ. ಅದು ಮೋರಿ ಸೇರಿತ್ತು. ಕೇಳೋಣ ಅಂದ್ರೆ ಅವಳಿಲ್ಲ. ಪಾತ್ರೆ ನೋಡ್ತಾ ನಿಂತುಬಿಟ್ಟೆ. ಎಷ್ಟು ಹೊತ್ತೋ ಗೊತ್ತಿಲ್ಲ.

ಫೋನ್ ಬಂತು. ಮಿಷಿನ್ನು. ಅದೇ ದನಿ.

"ನಮಸ್ಕಾರ. ಮಳೆಯ ಕಾರಣ ಈ ಕರೆ. ನೀವು ಕ್ಷೇಮವಾಗಿದ್ದೀರಾ? ಕ್ಷೇಮವಾಗಿದ್ದರೆ ಒಂದು ಒತ್ತಿ. ಸಹಾಯ ಬೇಕಿದ್ದರೆ ಎರಡು ಒತ್ತಿ."

ಒಂದು ಒತ್ತಬೇಕು ಅಂತ ಗೊತ್ತು. ಎಲ್ಲರೂ ಒಂದೇ ಒತ್ತೋದು. ಆದರೆ ಆ ಮನೆಯೊಳಗೆ ಕ್ಷೇಮವಾಗಿದ್ದೀರಾ ಅಂತ ಒಂದು ಹೆಂಗಸಿನ ದನಿ ಕೇಳಿ ಬಹಳ ದಿನ ಆಗಿತ್ತು. ಸುಳ್ಳು ಹೇಳೋಕೆ ಬೆರಳು ಬರಲಿಲ್ಲ.

ಎರಡು ಒತ್ತಿದೆ.

ಏನು ಸಹಾಯ ಬೇಕು ಅಂತ ಕೇಳುತ್ತೆ, ಸಾರಿನ ವಿಷಯ ಕೇಳೋಣ ಅಂದ್ಕೊಂಡಿದ್ದೆ. ಅದು ಕೇಳಲಿಲ್ಲ. "ಸಹಾಯ ಬರುತ್ತಿದೆ. ಇರುವಲ್ಲೇ ಇರಿ," ಅಂದು ಇಟ್ಟುಬಿಟ್ಟಿತು.

ಇರುವಲ್ಲೇ ಇದ್ದೆ. ಒಲೆ ಮುಂದೆ.

ಸ್ವಲ್ಪ ಹೊತ್ತಿಗೆ ಗಲ್ಲಿಯಲ್ಲಿ ಆಂಬುಲೆನ್ಸು ಬಡ್ಕೊಂಡು ಬಂತು. ಅದರ ಹಿಂದೆ ಟೆಂಪೋ. ಟೆಂಪೋ ಮೇಲೆ ರಬ್ಬರ್ ದೋಣಿ. ಕೇಸರಿ ಜಾಕೀಟು ಹಾಕ್ಕೊಂಡ ನಾಲ್ಕು ಜನ ಹುಟ್ಟು ಹಿಡ್ಕೊಂಡು ಒಣ ನೆಲಕ್ಕೆ ಧುಮುಕಿದ್ರು. ಅಕ್ಕಪಕ್ಕದ ಮನೆಯವರೆಲ್ಲ ಹೊರಗೆ ಬಂದ್ರು. ಮೇಡಂ ಸ್ಕೂಟರಿಂದ ಇಳಿದವರು ಹೆಲ್ಮೆಟ್ ಕೂಡ ತೆಗೀದೆ ಒಳಗೆ ಓಡಿ ಬಂದ್ರು.

"ಯಜಮಾನ್ರೇ! ನೀರೆಲ್ಲಿ? ನೀರೆಲ್ಲಿ?"

"ಬಚ್ಚಲಿಗೆ ಹೋಯ್ತು ಮೇಡಂ."

"ಎಷ್ಟು ನೀರು?"

"ಒಂದು ಪಾತ್ರೆ."

ಮೇಡಂ ಪಾತ್ರೆ ನೋಡಿದ್ರು. ನನ್ನ ನೋಡಿದ್ರು. ಬಾಗಿಲಲ್ಲಿ ಹುಟ್ಟು ಹಿಡಿದು ನಿಂತಿದ್ದ ನಾಲ್ಕು ಜನರನ್ನ ನೋಡಿದ್ರು. ನಾನು ಇದ್ದಿದ್ದು ಇದ್ದ ಹಾಗೆ ಹೇಳಿದೆ. ಸೊಪ್ಪಿಂದು, ಕಾಳಿಂದು, ಅವಳಿಂದು. ಹೇಳಿ ಮುಗಿಸಿ, "ನಾಳೆಯಿಂದ ಬರಬೇಡಿ ಅಂದ್ರೆ ಬರಲ್ಲ ಮೇಡಂ," ಅಂದೆ.

ಮೇಡಂ ಹೆಲ್ಮೆಟ್ ತೆಗೆದು ನೆಲದ ಮೇಲೆ ಕೂತ್ರು. ಆಂಬುಲೆನ್ಸ್ ಡ್ರೈವರ್ ಮಾತ್ರ ಚಪ್ಪಲಿ ಬಿಟ್ಟು ಒಳಗೆ ಬಂದ. ಕೋಲಾರದ ಕಡೆಯೋನು. ಪಾತ್ರೆ ಒಳಗೆ ಬಗ್ಗಿ ನೋಡಿದ.

"ಬಸಿದ ಕಟ್ಟು ಚೆಲ್ಲಿದ್ರಾ ತಾತ? ಕಟ್ಟು ಹೋದ ಮೇಲೆ ಬಸ್ಸಾರಿಗೆ ಜೀವ ಎಲ್ಲೈತೆ? ಇದನ್ನ ಇನ್ನು ಯಾವ ಆಂಬುಲೆನ್ಸೂ ಉಳಿಸಲ್ಲ. ಪಲ್ಯ ಮಾಡಿ. ಇನ್ನೊಂದು ಕಂತೆ ಸೊಪ್ಪು ತರ್ಸಿ."

ಪಕ್ಕದ ಮನೆಯಾಕೆ ಸೊಪ್ಪು ಕೊಟ್ಟಳು. ಡ್ರೈವರ್ ಒಲೆ ಮುಂದೆ ನಿಂತ. ದೋಣಿಯವರಲ್ಲಿ ಒಬ್ಬ ಈರುಳ್ಳಿ ಹೆಚ್ಚಿದ, ಒಬ್ಬ ಕಾಯಿ ತುರಿದ. ಜಾಕೀಟು ಬಿಚ್ಚೋಕೆ ಯಾರಿಗೂ ನೆನಪಾಗಲಿಲ್ಲ. ಮುದ್ದೆ ನಾನು ತಿರುವಿದೆ, ಅದೊಂದು ನನಗೆ ಬರುತ್ತೆ. ಆ ಮನೆಯಲ್ಲಿ ಅಷ್ಟು ಜನ ಕೂತು ಉಂಡಿದ್ದು ಅವಳ ತಿಥಿ ಆದ ಮೇಲೆ ಅದೇ ಮೊದಲು. ಮೇಡಂ ಎರಡು ಸಲ ಸಾರು ಹಾಕಿಸ್ಕೊಂಡ್ರು.

ಆದ್ರೂ ಮಾರನೇ ದಿನ ಹೆದರ್ಕೊಂಡೇ ಹೋದೆ. ಮೇಡಂ ಕರೆದ್ರು.

"ಯಜಮಾನ್ರೇ, ಈ ಸಿಸ್ಟಮ್ ಬಂದಾಗಿಂದ ಎರಡು ಒತ್ತಿದ ಮೊದಲನೇ ಮನುಷ್ಯ ನೀವು. ಎರಡು ಒತ್ತಿದ್ರೆ ನಿಜವಾಗ್ಲೂ ಯಾರಾದ್ರೂ ಹೋಗ್ತಾರಾ ಅಂತ ಮೇಲಿನವರು ನನ್ನ ತಲೆ ತಿಂತಿದ್ರು. ಹೋದ್ವಿ ಅಂತ ಬರೆದು ಕಳಿಸಿದ್ದೀನಿ. ಬಹಳ ಖುಷಿಯಾಗಿದ್ದಾರೆ."

"ಯಾಕೆ ಹೋದ್ರಿ ಅಂತ ಕೇಳಲ್ವಾ ಮೇಡಂ?"

"ಕೇಳಿದ್ರು. ನೀರಿನ ಸಮಸ್ಯೆ ಅಂತ ಬರೆದಿದ್ದೀನಿ."

ಅವರು ನಗಲಿಲ್ಲ, ನಾನೂ ನಗಲಿಲ್ಲ. ನನ್ನ ಕೆಲಸದ ಮಾತು ಮಾತ್ರ ಇಬ್ಬರೂ ಎತ್ತಲಿಲ್ಲ. ಕೂರಿಸ್ತಾರೋ ಬಿಡ್ತಾರೋ ಅಂತ ದಿನಾ ಅವರ ಮುಖ ನೋಡ್ತಿದ್ದೆ.

ಮಳೆ ಮತ್ತೆ ಹಿಡೀತು. ಮಿಷಿನ್ನು ಮತ್ತೆ ಎಲ್ಲರಿಗೂ ಫೋನ್ ಮಾಡಬೇಕಾಯ್ತು. ಅವತ್ತು ನನಗೆ ಡ್ಯೂಟಿ, ಮಿಷಿನ್ನಿನ ಪರದೆ ಮುಂದೆ ಕೂರಿಸಿದ್ರು. ನಮ್ಮ ಸೆಕ್ಯೂರಿಟಿ, ಸೇಫ್ಟಿಯೋರಿಗೆ ಹೋಗೋ ಫೋನಲ್ಲಿ ಆ ದನಿ ಹೊಸದೊಂದು ಸೇರಿಸಿ ಹೇಳ್ತು. "ಕ್ಷೇಮವಾಗಿದ್ದರೆ ಒಂದು ಒತ್ತಿ. ಸಹಾಯ ಬೇಕಿದ್ದರೆ ಎರಡು ಒತ್ತಿ. ಅಡುಗೆ ಕೆಟ್ಟಿದ್ದರೆ ಮೂರು ಒತ್ತಿ."

ಮೇಡಂ ಮಾಡಿಸಿದ್ದು. ಮೂರು ಒತ್ತಿದೋರಿಗೆ ತಿರುಗಿ ಫೋನ್ ಮಾಡಿ ವಿಚಾರಿಸೋದು ನನ್ನ ಕೆಲಸ ಅಂತ ಬೆಳಗ್ಗೆ ಒಂದೇ ಮಾತಲ್ಲಿ ಹೇಳಿ, ಮನೆಗೆ ನೀರು ನುಗ್ಗೀತು ಅಂತ ಬೇಗ ಹೋಗಿದ್ರು. ಆಗ ನನ್ನ ಎದೆ ಹಗುರಾಯ್ತು. ಮನೇಲಿ ಕೂರಿಸೋ ಮನುಷ್ಯನಿಗೆ ಯಾರೂ ಹೊಸ ಕೆಲಸ ಕೊಡಲ್ಲ.

ಪರದೆ ನೋಡ್ತಾ ಕೂತೆ. ಏನು ಚೆಂದ ಅಂತೀರಿ! ಒಂದು, ಒಂದು, ಒಂದು ಅಂತ ಹಸಿರು ದೀಪ ಹತ್ಕೊಂಡು ಹೋದವು. ದೂರ ದೂರದಲ್ಲಿ ಒಬ್ಬೊಬ್ಬರಾಗಿ ಕ್ಷೇಮ ಅಂತಿದ್ದಾರೆ. ನನಗೆ ಕಣ್ಣು ತುಂಬ್ಕೊಂಡಿತು.

ಕೊನೆಗೆ ಒಂದು ಮೂರು ಬಂತು. ಹುಡುಗರದ್ದೇ ಇರಬೇಕು ಅಂತ ನಂಬರ್ ನೋಡಿದೆ. ಹುಡುಗರದ್ದಲ್ಲ. ಫೋನ್ ಮಾಡಿದೆ.

"ಹಲೋ ಮೇಡಂ, ಏನಾಯ್ತು?"

ಆ ಕಡೆ ಪಾತ್ರೆ ಸದ್ದಾಯ್ತು. ಆಮೇಲೆ ಪಿಸುದನಿಯಲ್ಲಿ, "ಯಜಮಾನ್ರೇ, ಕಟ್ಟು ಜೋಪಾನವಾಗಿ ಎತ್ತಿಟ್ಕೊಂಡೆ," ಅಂದ್ರು. "ಸೊಪ್ಪು ಚೆಲ್ಲಿಬಿಟ್ಟೆ."